ಮೊದಲು ಕೋನಕ್ಕೆ ಗುರುತು, ಆಮೇಲೆ ಸೂತ್ರ

ಪ್ರಶ್ನೆ: ಲಂಬಕೋನ ತ್ರಿಭುಜದ ಒಂದೇ ಬಾಹುವನ್ನು ತ್ರಿಕೋನಮಿತಿಯ ಒಂದು ಲೆಕ್ಕದಲ್ಲಿ ಅಭಿಮುಖ ಎನ್ನುತ್ತಾರೆ, ಇನ್ನೊಂದರಲ್ಲಿ ಪಾರ್ಶ್ವ ಎನ್ನುತ್ತಾರೆ. ಯಾವುದು ಸರಿ?

ಎರಡೂ ಸರಿ. ಖಾಯಂ ಹೆಸರು ಇರುವುದು ವಿಕರ್ಣಕ್ಕೆ ಮಾತ್ರ. ಲಂಬಕೋನದ ಎದುರಿಗಿರುವ, ಮೂರರಲ್ಲಿ ಅತಿ ಉದ್ದದ ಬಾಹು ಅದು. ಉಳಿದೆರಡರ ಹೆಸರು ನೀವು ಯಾವ ಲಘುಕೋನ ಹಿಡಿದಿದ್ದೀರಿ ಎನ್ನುವುದನ್ನು ಅವಲಂಬಿಸಿದೆ. ಆದ್ದರಿಂದ ಚಿತ್ರ ಬರೆದ ಕೂಡಲೇ ಸೂತ್ರಕ್ಕೆ ಕೈಹಾಕಬೇಡಿ. ಮೊದಲು ಕೋನಕ್ಕೆ ಗುರುತು ಹಾಕಿ. ನಂತರ ವಿಕರ್ಣಕ್ಕೆ ‘ವಿ’, ಗುರುತಿನ ಕೋನವನ್ನು ಮುಟ್ಟದ ಬಾಹುವಿಗೆ ‘ಅ’, ಉಳಿದದ್ದಕ್ಕೆ ‘ಪಾ’ ಎಂದು ಬರೆಯಿರಿ. ಸೈನ್ ಎಂದರೆ ಅ/ವಿ, ಕೊಸೈನ್ ಎಂದರೆ ಪಾ/ವಿ, ಟ್ಯಾಂಜೆಂಟ್ ಎಂದರೆ ಅ/ಪಾ.

ಬಾಹುಗಳು 8, 15, 17 ಇರಲಿ. 8ರ ಎದುರಿನ ಕೋನಕ್ಕೆ ಸೈನ್ 8/17, ಕೊಸೈನ್ 15/17, ಟ್ಯಾಂಜೆಂಟ್ 8/15. ಇನ್ನೊಂದು ಲಘುಕೋನಕ್ಕೆ ಬನ್ನಿ: ಸೈನ್ 15/17, ಕೊಸೈನ್ 8/17. ಬೆಲೆಗಳು ಅದಲುಬದಲಾದವು, ಅಷ್ಟೇ. ಪೂರಕ ಕೋನಗಳ ಪಾಠದಲ್ಲಿ ಬರುವುದೂ ಇದೇ ವಿಷಯ.

ಹೆಚ್ಚಿನವರು ಎಡವುವುದು ಚಿತ್ರವನ್ನು ತಿರುಗಿಸಿ ಕೊಟ್ಟಾಗ. ಅಡ್ಡಗೆರೆ ಯಾವಾಗಲೂ ಪಾರ್ಶ್ವ ಬಾಹು ಎಂದು ಅವರ ಕಣ್ಣಿಗೆ ರೂಢಿಯಾಗಿರುತ್ತದೆ. ಸೈನ್ ಅಥವಾ ಕೊಸೈನ್ 1ಕ್ಕಿಂತ ದೊಡ್ಡದು ಬಂದರೆ ವಿಕರ್ಣವನ್ನೇ ತಪ್ಪಾಗಿ ಗುರುತಿಸಿದ್ದೀರಿ ಎಂದು ತಿಳಿಯಿರಿ. ಟ್ಯಾಂಜೆಂಟ್‌ಗೆ ಮಾತ್ರ ಆ ಮಿತಿ ಇಲ್ಲ.

ಪ್ರಶ್ನೆ: ಸೀಕೆಂಟ್ ಸೈನ್‌ನ ವ್ಯುತ್ಕ್ರಮವೋ, ಕೊಸೈನ್‌ನದೋ? ಪ್ರತಿ ಸಲ ಗೊಂದಲ.

ಕೊಸೈನ್‌ನದು. ಪ್ರತಿ ಜೋಡಿಯಲ್ಲೂ ‘ಕೊ’ ಒಮ್ಮೆ ಮಾತ್ರ ಬರುತ್ತದೆ: ಸೈನ್–ಕೊಸೀಕೆಂಟ್, ಕೊಸೈನ್–ಸೀಕೆಂಟ್, ಟ್ಯಾಂಜೆಂಟ್–ಕೊಟ್ಯಾಂಜೆಂಟ್. ಆರು ಸೂತ್ರ ಬಾಯಿಪಾಠ ಮಾಡುವುದು ಅನಗತ್ಯ. ಮೂರು ಗೊತ್ತಿದ್ದರೆ ಉಳಿದ ಮೂರಕ್ಕೆ ಅಂಶ, ಛೇದಗಳನ್ನು ತಿರುಗಿಸಿದರಾಯಿತು.

ಸೀಕೆಂಟ್ 13/5 ಎಂದು ಕೊಟ್ಟಿದ್ದಾರೆ ಎನ್ನಿ. ಕೊಸೈನ್ 5/13 ಆಯಿತು, ಅಂದರೆ ಪಾರ್ಶ್ವ 5, ವಿಕರ್ಣ 13 ಎಂದು ತೆಗೆದುಕೊಳ್ಳಬಹುದು. ಅಭಿಮುಖ ಬಾಹುವಿನ ವರ್ಗ 169 − 25 = 144, ಬಾಹು 12. ಇಲ್ಲಿ ಕಳೆಯುವ ಬದಲು ಕೂಡಿದರೆ 194 ಬಂದು, ಅಭಿಮುಖ ಬಾಹು ವಿಕರ್ಣಕ್ಕಿಂತ ಉದ್ದವಾಗಿಬಿಡುತ್ತದೆ! ಈಗ ಸೈನ್ 12/13, ಟ್ಯಾಂಜೆಂಟ್ 12/5, ಕೊಸೀಕೆಂಟ್ 13/12, ಕೊಟ್ಯಾಂಜೆಂಟ್ 5/12. ನಿಜವಾದ ಉದ್ದಗಳು 10, 24, 26 ಆಗಿದ್ದರೂ ಉತ್ತರ ಇದೇ, ಏಕೆಂದರೆ ಸಮರೂಪ ತ್ರಿಭುಜಗಳಲ್ಲಿ ಅನುಪಾತ ಬದಲಾಗದು.

ಪ್ರಶ್ನೆ: ಕೊಸೀಕೆಂಟ್ 30° ತಿಳಿಯಲು ಕ್ಯಾಲ್ಕುಲೇಟರ್‌ನಲ್ಲಿ ಸೈನ್ ಮೇಲೆ −1 ಇರುವ ಬಟನ್ ಒತ್ತಿ 30 ಕೊಟ್ಟರೆ ಎರರ್ ಬರುತ್ತದೆ. ಏಕೆ?

ಆ ಬಟನ್ ವ್ಯುತ್ಕ್ರಮದ್ದಲ್ಲ, ವಿಲೋಮದ್ದು. ಸೈನ್‌ನ ಬೆಲೆ ಕೊಟ್ಟರೆ ಅದು ಕೋನ ಹೇಳುತ್ತದೆ: 0.5 ಕೊಟ್ಟರೆ 30°. ನೀವು 30 ಕೊಟ್ಟಾಗ ‘ಸೈನ್ 30 ಆಗಿರುವ ಕೋನ ಯಾವುದು’ ಎಂದು ಕೇಳಿದಂತಾಯಿತು. ಅಂಥ ಕೋನವೇ ಇಲ್ಲ. ಸೈನ್ 30° ಮೊದಲು ತೆಗೆದು, 1ನ್ನು ಅದರಿಂದ ಭಾಗಿಸಿ: 1 ÷ 0.5 = 2. ಬರವಣಿಗೆಯೂ ಈ ಗೊಂದಲಕ್ಕೆ ಕಾರಣ. ಸೈನ್ ಮೇಲೆ 2 ಬರೆದರೆ ವರ್ಗ, −1 ಬರೆದರೆ ಮಾತ್ರ ಘಾತವಲ್ಲ. ಸೈನ್ 30ಕ್ಕೆ −0.988 ಎಂದು ತೋರಿಸಿದರೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ (ಕೋನ ಅಳೆಯುವ ಇನ್ನೊಂದು ಮಾನ), ಡಿಗ್ರಿಗೆ ಬದಲಿಸಿ.

ಪ್ರಶ್ನೆ: ಸೈನ್ + ಕೊಸೈನ್‌ನ ವ್ಯುತ್ಕ್ರಮ, ಕೊಸೀಕೆಂಟ್ + ಸೀಕೆಂಟ್ ಆಗುವುದೇ?

ಇಲ್ಲ. 3, 4, 5ರ ತ್ರಿಭುಜದಲ್ಲಿ 3/5 + 4/5 = 7/5, ವ್ಯುತ್ಕ್ರಮ 5/7. ಆದರೆ 5/3 + 5/4 = 35/12.

ಪ್ರಶ್ನೆ: ಕ್ಯಾಲ್ಕುಲೇಟರ್‌ನಲ್ಲಿ ಬಟನ್ನೇ ಇಲ್ಲದ ಕೊಸೀಕೆಂಟ್, ಸೀಕೆಂಟ್, ಕೊಟ್ಯಾಂಜೆಂಟ್ ಈ ಮೂರನ್ನು ಏಕೆ ಕಲಿಯಬೇಕು?

ಕೋಷ್ಟಕ ನೋಡಿ ಕೈಯಲ್ಲಿ ಲೆಕ್ಕ ಮಾಡುವಾಗ ಉದ್ದನೆಯ ದಶಮಾಂಶದಿಂದ ಭಾಗಿಸುವುದಕ್ಕಿಂತ ಗುಣಿಸುವುದು ಸುಲಭ. 6 ಮೀಟರ್ ಎತ್ತರದಿಂದ ನೆಲಕ್ಕೆ 30° ಕೋನದಲ್ಲಿ ಬಿಗಿದ ಹಗ್ಗದ ಉದ್ದ 6 × ಕೊಸೀಕೆಂಟ್ 30° = 12 ಮೀಟರ್. ಇಂದಿಗೂ ಇವು ಬಿಡದಿರುವುದು ಮುಂದಿನ ಗಣಿತಕ್ಕಾಗಿ. ಸೈನ್ ವರ್ಗ + ಕೊಸೈನ್ ವರ್ಗ = 1 ಎಂಬುದನ್ನು ಕೊಸೈನ್ ವರ್ಗದಿಂದ ಭಾಗಿಸಿ ನೋಡಿ: ಟ್ಯಾಂಜೆಂಟ್ ವರ್ಗ + 1 = ಸೀಕೆಂಟ್ ವರ್ಗ. ಕಲನಶಾಸ್ತ್ರದಲ್ಲಿ ಟ್ಯಾಂಜೆಂಟ್‌ನ ಅವಕಲನ ಮಾಡಿದಾಗ ಸಿಗುವುದೂ ಈ ಸೀಕೆಂಟ್ ವರ್ಗವೇ.