ಟಿವಿ ಸ್ಟ್ಯಾಂಡ್ ಮ್ಯಾಲಿನ ಗಿಡಕ್ಕ ಬೆಳಕು ಬೇಕ್ರಿ

ಪ್ರಶ್ನೆ: ನಮಸ್ಕಾರ್ರಿ. ನಮ್ಮ ಮನಿ ಗೃಹಪ್ರವೇಶಕ್ಕ ನನ್ನ ತಮ್ಮ ಬೆಂಗಳೂರಿಂದ ಒಂದು ಇಂಡೋರ್ ಬೋನ್ಸಾಯ್ ತಂದು ಕೊಟ್ಟಾನ. ಬುಡ ಗೆಣಸಿನಂಗ ದಪ್ಪ ಐತಿ, ಮ್ಯಾಲೆ ಸಣ್ಣ ಸಣ್ಣ ಹೊಳೆಯೋ ಎಲಿ. ಹಾಲ್‌ನಾಗ ಟಿವಿ ಪಕ್ಕಕ್ಕ ಇಟ್ಟೀವಿ, ದಿನಾ ತಪ್ಪದಂಗ ಒಂದು ಲೋಟ ನೀರು ಹಾಕ್ತೀನಿ. ಬ್ಯಾಸಿಗಿ ಶುರು ಆಗಿ ಎಸಿ ಹಚ್ಚಾಕತ್ತಿದ ಮ್ಯಾಲಿಂದ ಎಲಿ ಹಳದಿ ಆಗಿ ಉದುರಾಕತ್ಯಾವ, ಮಣ್ಣಿನ ಮ್ಯಾಲೆ ಬೆಳ್ಳಗ ಪುಡಿ ಕಟ್ಟೈತಿ. ಗೊಬ್ಬರ ಹಾಕಿದ್ರ ಚೇತರಸ್ಕೋತೈತೇನ್ರಿ? (ಗಂಗಾವತಿಯಿಂದ ಒಬ್ಬ ಓದುಗರು)

ಉತ್ತರ: ಅಕ್ಕಾರ, ಗೊಬ್ಬರ ಹಾಕಬ್ಯಾಡ್ರಿ, ನೀರು ಹಾಕೋದನ್ನೂ ಸದ್ಯಕ್ಕ ನಿಲ್ಲಸ್ರಿ. ನೀವು ಹೇಳಿದ ಲಕ್ಷಣ ನೋಡಿದ್ರ ಇದು ಫೈಕಸ್ ಮೈಕ್ರೋಕಾರ್ಪಾ, ನರ್ಸರ್‍ಯಾಗ ಫೈಕಸ್ ಜಿನ್ಸೆಂಗ್ ಅಂತ ಮಾರ್ತಾರ. ನಮ್ಮ ಆಲ, ಅರಳಿ, ಅತ್ತಿ ಜಾತಿದ್ದೇ ಗಿಡ ಇದು, ಹಂಗ ಸುಲಭಕ್ಕ ಜೀವಾ ಬಿಡೂದಿಲ್ಲ. ಒಂದು ಟೊಂಗಿ ಸಿಪ್ಪಿನ ಉಗುರಿನಿಂದ ಸ್ವಲ್ಪ ಕೆರದು ನೋಡ್ರಿ, ಒಳಗ ಹಸರು ಕಂಡ್ರ, ಬೆಳ್ಳನ ಹಾಲು ಜಿನುಗಿದ್ರ ಆ ಟೊಂಗಿ ಬದುಕೈತಿ. ಕಂದು ಬಣ್ಣ ಆಗಿ ಒಣಗಿದ್ರ ಇನ್ನೊಂದೀಟು ಕೆಳಗ ಕೆರೀರಿ, ಹಿಂಗ ಬುಡದ ತನಕ ನೋಡ್ರಿ. ಬುಡ ಗಟ್ಟಿ ಇದ್ರ ಆಸೆ ಬಿಡಬ್ಯಾಡ್ರಿ, ಒತ್ತಿದ್ರ ಮೆತ್ತಗಾಗಿ ವಾಸನಿ ಬಂದ್ರ ಮಾತ್ರ ಕಷ್ಟ.

ಇಂಡೋರ್ ಬೋನ್ಸಾಯ್ ಅಂತ ಚೀಟಿ ಹಚ್ಚಿ ಮಾರ್ತಾರಲ್ರಿ, ನನಗ ಭಾಳ ಸಂಕಟ ಆಗೋದು ಅದನ್ನ ನೋಡಿದಾಗ. ಮನಿಯೊಳಗ ಬೆಳಿಯೋ ಮರ ಅಂತ ಯಾವ ಜಾತೀನೂ ಇಲ್ಲ, ಬಯಲಾಗ ಬೆಳಿಯೋ ಮರಾನೇ ಸಣ್ಣ ಪಾಟ್‌ನಾಗ ಕೂರಿಸ್ತಾರ ಅಷ್ಟ. ನಮ್ಮ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಬೆಳಕು ಅಳಿಯೋ ಮಾಪು) ಇರ್ತೈತಿ, ಟ್ಯೂಬ್‌ಲೈಟ್ ಹಚ್ಚಿದ ಹಾಲ್‌ನಾಗ ನೂರಿನ್ನೂರು ಲಕ್ಸ್ ಸಿಕ್ರ ದೊಡ್ಡದು, ನಮ್ಮ ಕಣ್ಣು ಹೊಂದಿಕೊಳ್ಳೋದಕ್ಕ ನಮಗ ವ್ಯತ್ಯಾಸ ಗೊತ್ತಾಗೂದಿಲ್ಲ. ಬೆಳಕು ಕಮ್ಮಿ ಇದ್ದಾಗ ಎಲಿ ಕೆಲಸ ಕಮ್ಮಿ ಮಾಡ್ತಾವ, ಗಿಡ ನೀರೂ ಕಮ್ಮಿ ಕುಡೀತೈತಿ, ನೀವು ದಿನಾ ಹಾಕೋ ಲೋಟ ನೀರು ಹಂಗ ಮಣ್ಣಾಗ ನಿಂತು ಬೇರಿಗೆ ಗಾಳಿ ಸಿಗದಂಗ ಆಗ್ತೈತಿ, ಬೇರು ಕೊಳೀತಾವ, ಕೊಳತ ಬೇರು ನೀರು ಎಳ್ಯಾಂಗಿಲ್ಲ, ಮ್ಯಾಲೆ ಎಲಿ ಬಾಡ್ತಾವ, ಅಯ್ಯೋ ನೀರು ಸಾಲವಲ್ದು ಅಂತ ಮತ್ತ ನೀರು ಹಾಕ್ತೀವಿ. ಬೋನ್ಸಾಯ್ ಭಾಳಷ್ಟು ಹೋಗೋದು ಹಿಂಗ. ಅದರ ಮ್ಯಾಲೆ ಎಸಿ ಗಾಳಿ ಬ್ಯಾರೆ, ಒಣ ಗಾಳಿ ನೇರ ಬಡದ್ರ ಫೈಕಸ್ ಎಲಿ ಉದುರಿಸೇ ಬಿಡ್ತೈತಿ.

ಈಗ ಗಿಡ ಪಾಟ್‌ನಿಂದ ತಗೀಬೇಕ್ರಿ. ಮ್ಯಾಲೆ ಗಮ್ ಹಾಕಿ ಅಂಟಿಸಿದ ಕಲ್ಲು ಇದ್ರ ಕಿತ್ತು ಒಗೀರಿ. ಬೇರು ನೋಡ್ರಿ, ಬಿಳಿ ಇಲ್ಲಾ ತಿಳಿ ಕಂದು ಬಣ್ಣ, ಗಟ್ಟಿ ಇದ್ರ ಚಲೋ. ಕರ್‍ರಗ ಲೊಳಲೊಳ ಇದ್ದು ಸಿಪ್ಪಿ ಜಾರಿ ಬರೋ ಬೇರನ್ನೆಲ್ಲಾ ಸ್ಪಿರಿಟ್‌ನಾಗ ಒರೆಸಿದ ಕತ್ರಿಯಿಂದ ಕತ್ತರಸ್ರಿ, ಚಲೋ ಬೇರು ಸಿಗೋ ಮಟ ಕತ್ತರಸ್ರಿ, ಕನಿಕರ ಮಾಡಬ್ಯಾಡ್ರಿ. ಪಾಟ್ ತಳದಾಗ ತೂತು ಇಲ್ಲ ಅಂದ್ರ ಆ ಪಾಟ್ ಬಿಟ್ಟುಬಿಡ್ರಿ, ಎಷ್ಟೇ ಚಂದ ಇರಲಿ.

ಮಣ್ಣಿನ ವಿಷಯಕ್ಕ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ನಮ್ಮ ಕಡೆ ಎರಿ ಮಣ್ಣು ಹತ್ತಿಗೆ, ಕಡ್ಲಿಗೆ ಬಂಗಾರ, ಬೋನ್ಸಾಯ್ ಪಾಟ್‌ಗೆ ಬ್ಯಾಡೇ ಬ್ಯಾಡ. ಹಸಿ ಆದಾಗ ಉಬ್ಬಿ ಗಾಳಿ ಆಡೋ ಜಾಗಾನೆಲ್ಲಾ ಮುಚ್ಚಿಬಿಡ್ತೈತಿ, ಒಣಗಿದಾಗ ಬಿರಕು ಬಿಟ್ಟು ಸಣ್ಣ ಬೇರು ಹರೀತೈತಿ. ಇಟ್ಟಂಗಿ ಚೂರು ಮಾಡ್ಕೊಂಡು ಜರಡಿ ಹಿಡೀರಿ, 3ರಿಂದ 6 ಮಿಲಿಮೀಟರ್ ತುಣುಕು ಇಟ್ಕೊಂಡು ಧೂಳು ಚೆಲ್ಲಿಬಿಡ್ರಿ. ಅದು ಅರ್ಧ ಪಾಲು, ಉಳಿದ ಅರ್ಧದಾಗ ದಪ್ಪ ಉಸುಕು, ಸ್ವಲ್ಪ ಕೆಂಪು ಮಣ್ಣು. ಬೇರು ಹಾಳಾದ ಗಿಡಕ್ಕ ತಿಪ್ಪಿ ಗೊಬ್ಬರಾನೂ ಈಗ ಬ್ಯಾಡ, ಹೊಸ ಎಲಿ ಬಂದು ಬಲಿತ ಮ್ಯಾಲೆ ತೆಳ್ಳಗ ಮಾಡಿ ಕೊಡ್ರಿ.

ನೆಟ್ಟ ಮ್ಯಾಲೆ ಗಿಡ ಅಲುಗಾಡದಂಗ ಸುತಳಿಯಿಂದ ಪಾಟ್‌ಗೆ ಬಿಗೀರಿ, ಒಂದ್ಸಲ ತಳದಿಂದ ಸೋರೋ ಹಂಗ ನೀರು ಕೊಡ್ರಿ. ಆಮ್ಯಾಲೆ ಉರದ ಊದಬತ್ತಿ ಕಡ್ಡಿ ಮಣ್ಣಾಗ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತಗದು ನೋಡ್ರಿ, ಕಡ್ಡಿ ಹಸಿ ಇದ್ರ ನೀರು ಬ್ಯಾಡ, ಒಣಗಾಕ ಹತ್ತಿದ್ರ ಪೂರಾ ತೋಯಸ್ರಿ. ದಿನಕ್ಕ ಇಷ್ಟು ಲೋಟ ಅಂತ ಲೆಕ್ಕ ಇಡಬ್ಯಾಡ್ರಿ. ಇಡೋ ಜಾಗ ಅಂದ್ರ ಮೂಡಣ ದಿಕ್ಕಿನ ಕಿಟಕಿ ಇಲ್ಲಾ ನೆರಳಿರೋ ವರಾಂಡ, ಮುಂಜಾನಿ ಎಳೆ ಬಿಸಿಲು ಸಾಕು. ಏಪ್ರಿಲ್-ಮೇ ತಿಂಗಳಾಗ ಒಮ್ಮೆಲೇ ಮಾಳಗಿ ಮ್ಯಾಲೆ ಇಡಬ್ಯಾಡ್ರಿ, 42-43 ಡಿಗ್ರಿ ಬಿಸಿಲಿಗೆ ನೆರಳಾಗ ಬೆಳೆದ ಎಲಿ ಸುಟ್ಟು ಹೋಗ್ತಾವ, ಸಣ್ಣ ಪಾಟ್ ಕಾದು ಬೇರೂ ಬೇಯ್ತಾವ. ಪಾಪ ಗಿಡಕ್ಕ ಏನೂ ಮಾಡವಲ್ಲೆ ಅಂತ ಅನ್ನಸ್ತೈತಿ, ಆದ್ರೂ ಕೆಲವು ವಾರ ಹಂಗೇ ಬಿಡ್ರಿ, ಜಾಗ ಬದಲಿ ಮಾಡಬ್ಯಾಡ್ರಿ, ಟೊಂಗಿ ಮ್ಯಾಲೆ ಹೊಸ ಚಿಗುರಿನ ಕಣ್ಣು ಒಡೀತಾವ.

ಮಣ್ಣಿನ ಮ್ಯಾಲಿನ ಬಿಳಿ ಪುಡಿ ಹೆಚ್ಚಾಗಿ ಬೋರ್ ನೀರಿನ ಉಪ್ಪು, ಸುಣ್ಣದ ಅಂಶ. ಅದು ಕೂಡ್ತಾ ಹೋದಂಗ ಎಲಿ ತುದಿ ಸುಡ್ತಾವ. ಮಳಿ ನೀರು ಹಿಡಿದಿಟ್ರ ಎಲ್ಲಕ್ಕಿಂತ ಚಲೋ. ಎಸಿ ಪೈಪಿನಿಂದ ಹನಿಯೋ ನೀರಿನಾಗೂ ಉಪ್ಪು ಇರಲ್ಲ, ಬಕೇಟ್ ಇಟ್ಟು ಹಿಡೀರಿ. ಆದ್ರ ಆರ್‌ಒ ಮಿಷನ್ ಹೊರಗ ಬಿಡೋ ವೇಸ್ಟ್ ನೀರನ್ನ ಭಾಳ ಮಂದಿ ಗಿಡಕ್ಕ ಹಾಕ್ತಾರ, ಅದರಾಗ ಬೋರ್ ನೀರಿಗಿಂತ ಉಪ್ಪು ಜಾಸ್ತಿ ಇರ್ತೈತಿ, ಬೋನ್ಸಾಯ್‌ಗೆ ಹಾಕಬ್ಯಾಡ್ರಿ.

ಪ್ರಶ್ನೆ: ಸರ, ಆನ್‌ಲೈನ್‌ನಾಗ ಜುನಿಪರ್ ಬೋನ್ಸಾಯ್ ತರಿಸಿದ್ದೆ, ಆಫೀಸ್ ಟೇಬಲ್ ಮ್ಯಾಲೆ ಇಟ್ಟಿದ್ದೆ. ಈಗ ಪೂರಾ ಕಂದು ಬಣ್ಣ ಆಗ್ಯದ, ಮುಟ್ಟಿದ್ರ ಪುಡಿಪುಡಿ. ಏನರ ಮಾಡಬಹುದೇನ್ರಿ? (ರಾಯಚೂರು)

ಉತ್ತರ: ಇಲ್ರಿ ಸರ, ಅದು ಹೋಗೈತಿ. ಜುನಿಪರ್ ಸತ್ತ ಮ್ಯಾಲೂ ವಾರಗಟ್ಟಲೆ ಹಸರಾಗೇ ಕಾಣ್ತೈತಿ, ಕಂದು ಬಣ್ಣ ಬರೋ ಹೊತ್ತಿಗೆ ಕೈ ಮೀರಿರ್ತೈತಿ. ಅದು ಬಯಲಿನ ಗಿಡ, ಚಳಿಗಾಲದಾಗ ಥಂಡಿ ಹತ್ತಿ ನಿದ್ದಿ ಮಾಡಬೇಕು ಅದಕ್ಕ, ರಾಯಚೂರಾಗ ಆ ಥಂಡಿ ಎಲ್ಲಿ ತರೋದ್ರಿ. ಮತ್ತ ದುಡ್ಡು ಕೊಟ್ಟು ಅದನ್ನೇ ತರಿಸಬ್ಯಾಡ್ರಿ.

ಬೋನ್ಸಾಯ್ ಬೇಕೇ ಬೇಕಂದ್ರ, ಹಳೇ ಮನಿ ಗೋಡಿ ಸಂದಿ, ಮೋರಿ ಪೈಪಿನ ಹತ್ರ ಹಕ್ಕಿ ಹಿಕ್ಕಿಯಿಂದ ಹುಟ್ಟಿದ ಅರಳಿ, ಆಲದ ಸಸಿ ಇರ್ತಾವಲ್ರಿ, ಮನಿಯವ್ರು ಹೆಂಗೂ ಕಿತ್ತು ಒಗೀತಾರ, ಮಳಿಗಾಲ ಶುರು ಆದಾಗ ಬೇರು ಸಮೇತ ಬಿಡಿಸಿಕೊಂಡು ಬರ್‍ರಿ. ಗಾರಿಯೊಳಗ, ಹಿಡಿ ಮಣ್ಣಿಲ್ಲದ ಜಾಗದಾಗ ಬದುಕಿದ ಸಸಿ ಅದು, ಸಣ್ಣ ಪಾಟ್‌ನಾಗ ಆರಾಮ ಇರ್ತೈತಿ. ಅರಳಿ ಎಲಿ ಸ್ವಲ್ಪ ದೊಡ್ಡದು, ಎಲಿ ಸಣ್ಣದು ಬೇಕಂದ್ರ ಹುಣಸಿ ಬೀಜ ಹಾಕ್ರಿ. ಹುಣಸಿ ಬೋನ್ಸಾಯ್ ನನಗ ಭಾಳ ಇಷ್ಟ, ಸಂಜಿಗೆ ಎಲಿ ಮಡಚಿ ಮುಂಜಾನಿ ತಗೀತೈತಿ, ದಿನಾ ನೋಡಬೇಕನಸ್ತೈತಿ. ಇವ್ಯಾವೂ ಟೇಬಲ್ ಮ್ಯಾಲಿನ ಗಿಡ ಅಲ್ಲ, ಬಾಲ್ಕನಿಯಾಗ ಇಡ್ರಿ, ಮಂದಿ ಬರೋ ದಿನ ಒಳಗ ತಂದು ತೋರಿಸಿ ಮತ್ತ ಹೊರಗ ಇಟ್ಟುಬಿಡ್ರಿ.

ಪ್ರಶ್ನೆ: ಜೇಡ್ ಬೋನ್ಸಾಯ್ ಟೊಂಗಿ ಸಂದಿಯೊಳಗ ಬಿಳಿ ಹತ್ತಿಯಂಥಾದ್ದು ಕಟ್ಟೈತಿ, ಎಲಿ ಸುಕ್ಕಾಗ್ಯಾವ. (ಬಳ್ಳಾರಿ)

ಉತ್ತರ: ಹಿಟ್ಟು ತಿಗಣಿ ಅದು. ಸ್ಪಿರಿಟ್‌ನಾಗ ಅದ್ದಿದ ಹತ್ತಿ ಕಡ್ಡಿಯಿಂದ ಒಂದೊಂದೇ ಒರಸಿ ತಗೀರಿ, ಆಮ್ಯಾಲೆ 1 ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣಿ, ಸ್ವಲ್ಪ ಸೋಪಿನ ನೀರು ಕಲಿಸಿ ಸಂಜಿಗೆ ಹೊಡೀರಿ, ಬಿಸಿಲಾಗ ಹೊಡದ್ರ ಎಲಿ ಸುಡ್ತಾವ. ವಾರ ಬಿಟ್ಟು ಮತ್ತ ಹೊಡೀರಿ, ತತ್ತಿ ಉಳಿದಿರ್ತಾವ. ಇರುವಿ ಸಾಲು ಹತ್ತಿದ್ರ ಅದನ್ನೂ ತಡೀರಿ, ಅವೇ ತಿಗಣಿ ಕಾಯ್ತಾವ. ಎಲಿ ಸುಕ್ಕಾದದ್ದಕ್ಕ ಮಣ್ಣು ಮುಟ್ಟಿ ನೋಡ್ರಿ, ಒಣಗಿದ್ರ ನೀರು ಕೊಡ್ರಿ, ಕೆಲವು ದಿನದಾಗ ಎಲಿ ತುಂಬಿಕೊಳ್ತಾವ. ಮಣ್ಣು ಹಸಿ ಇದ್ದೂ ಎಲಿ ಸುಕ್ಕಾಗಿದ್ರ ಬೇರು ಕೊಳತೈತಿ, ಮ್ಯಾಲೆ ಗಂಗಾವತಿ ಅಕ್ಕಾರಿಗೆ ಹೇಳಿದಂಗ ತಗದು ಕತ್ತರಸ್ರಿ, ಆದ್ರ ಜೇಡ್ ಗಿಡದ ಗಾಯ ಒಣಗೋ ತನಕ ಕೆಲವು ದಿನ ನೆರಳಾಗ ಬಿಟ್ಟು ಆಮ್ಯಾಲೆ ನೆಡ್ರಿ.