ಬೀಗದ ಕೈ ಯಾರ ಸೊಂಟದಲ್ಲಿ?

ಓದುಗರ ಪತ್ರ: ಸಂಪಾದಕರೇ, ನಾವು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ನಾಲ್ಕು ಜನ. ಗದಗ ಕಡೆಯ ಹಳ್ಳಿಯಿಂದ ಬಂದು ಎರಡು ವರ್ಷಗಳಿಂದ ನಮ್ಮೊಂದಿಗಿರುವ ಅತ್ತೆಯವರು ಮಂಚದ ಕೆಳಗೆ 25 ಕಿಲೊ ಜೋಳ, ಬಾಲ್ಕನಿಯಲ್ಲಿ ತೊಗರಿಬೇಳೆಯ ಡಬ್ಬಗಳು, ಕಪಾಟಿನಲ್ಲಿ ಇಡೀ ಓಣಿಗೆ ಸಾಲುವಷ್ಟು ಚಟ್ನಿಪುಡಿ ಇಟ್ಟಿದ್ದಾರೆ. ಕಳೆದ ತಿಂಗಳು ಅತಿಥಿಗಳು ಕುಳಿತಿದ್ದಾಗಲೇ ಜೋಳದ ಹುಳಗಳು ಸೋಫಾದ ಮೇಲೆ ಮೆರವಣಿಗೆ ಹೊರಟವು. ಕೊತ್ತಂಬರಿ ಸೊಪ್ಪು ಕೂಡ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ಊರಿನಲ್ಲಿ ಇದೆಲ್ಲ ಏಕೆ? ಹೆಚ್ಚು ಅಕ್ಕಿ ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಲಿಲ್ಲವೇ? ನಿಮ್ಮ ಪತ್ರಿಕೆಯನ್ನು ನಮ್ಮ ಮನೆಯಲ್ಲಿ ಮೊದಲು ಓದುವವರು ಅತ್ತೆಯವರೇ. ನೀವಾದರೂ ಒಂದು ಮಾತು ಹೇಳಿ. — ಹೆಸರು ಬೇಡ, ಬೆಂಗಳೂರು

ಸಂಪಾದಕರ ಉತ್ತರ:

ತಾಯಿ, ಹುಳದ ವಿಷಯದಲ್ಲಿ ನಿಮ್ಮ ಮಾತು ಸರಿ. ಅತಿಥಿಗಳ ಮುಂದೆ ಹುಳ ಓಡಾಡಬಾರದು. ಜಾಗ ಕಡಿಮೆ ಎಂಬುದೂ ನಿಜ. ಚದರಡಿಯ ಲೆಕ್ಕದಲ್ಲಿ ಸಾಲ ತೀರಿಸುವ ಮನೆಯಲ್ಲಿ ಜೋಳದ ಚೀಲಕ್ಕೂ ಕಂತು ಬೀಳುತ್ತದೆ. ಇಷ್ಟನ್ನು ಒಪ್ಪಿಕೊಂಡ ಮೇಲೆ ನಾನು ಎದ್ದು ಹೋಗಿ ನಿಮ್ಮ ಅತ್ತೆಯವರ ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ. ಪತ್ರಿಕೆಯನ್ನು ಮೊದಲು ಓದುವವರು ಅವರೇ ಎಂದು ತಿಳಿಸಿ ನಿಮ್ಮ ವ್ಯಾಜ್ಯವನ್ನು ನೀವೇ ಕೆಡಿಸಿಕೊಂಡಿರಿ.

ಮೊದಲು ಲೆಕ್ಕ. 25 ಕಿಲೊ ಎಂದು ಬರೆಯುವಾಗ ನಿಮ್ಮ ಪೆನ್ನು ಸ್ವಲ್ಪ ಬೆಚ್ಚಿದಂತಿದೆ. ನಾಲ್ಕು ಜನ, ಒಬ್ಬೊಬ್ಬರಿಗೆ ಹೊತ್ತಿಗೆ ಮೂರು ರೊಟ್ಟಿ, ದಿನಕ್ಕೆ ಎರಡು ಹೊತ್ತು. ಒಟ್ಟು 24 ರೊಟ್ಟಿ. ಒಂದು ರೊಟ್ಟಿಗೆ ಅರವತ್ತು ಎಪ್ಪತ್ತು ಗ್ರಾಂ ಹಿಟ್ಟು ಹಿಡಿದರೂ ದಿನಕ್ಕೆ ಒಂದೂವರೆ ಕಿಲೊ ಆಯಿತು. ಆ ಚೀಲ ಹದಿನಾರು ದಿನಕ್ಕೆ ಖಾಲಿ. ಹದಿನಾರು ದಿನದ ಜೋಳ ನಿಮ್ಮ ಕಣ್ಣಿಗೆ ದುರಾಸೆಯಾಗಿ ಕಂಡಿದೆ. ನಿಮ್ಮ ಅತ್ತೆಯವರ ಅಜ್ಜಿ ಕೇಳಿದ್ದರೆ, ಹದಿನಾರೇ ದಿನವೇ ಎಂದು ಗಾಬರಿಯಾಗುತ್ತಿದ್ದರು.

ಆ ಅಜ್ಜಿಯ ಕಾಲದಲ್ಲಿ ಅವರ ಸೀಮೆಯಲ್ಲಿ ಹಗೇವುಗಳಿದ್ದವು. ನೀವು ನೋಡಿರಲಾರಿರಿ. ನೆಲದಲ್ಲಿ ತೋಡಿದ ಗುಂಡಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಮುಗಿಯಿತು. ಒಳಗಿನ ಗಾಳಿಯನ್ನು ಕಾಳೂ ಹುಳವೂ ಉಸಿರಾಡಿ ಮುಗಿಸುತ್ತವೆ. ಉಸಿರಿಲ್ಲದೆ ಹುಳ ಸಾಯುತ್ತದೆ. ಮೈಸೂರು ಸೀಮೆಯಲ್ಲಿ ರಾಗಿ ಹೀಗೆ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ತೆಗೆಯುವ ದಿನ ಯಾರೂ ಥಟ್ಟನೆ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದಿಟ್ಟು ಕಾದು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಅವಸರ ಮಾಡಿದವರು ಮೇಲೆ ಬರಲಿಲ್ಲ. ಇಂದು ಗಾಳಿಯಾಡದ ಪ್ಲಾಸ್ಟಿಕ್ ಚೀಲಗಳನ್ನು ಹೊಸ ತಂತ್ರಜ್ಞಾನವೆಂದು ರೈತರಿಗೆ ಮಾರುತ್ತಾರೆ. ಅದರ ಒಳಗಿರುವುದು ಅದೇ ಹಗೇವಿನ ವಿದ್ಯೆ.

ಇಷ್ಟು ಕಷ್ಟ ಏಕೆ ಪಟ್ಟರು? ಧಾತು, ಈಶ್ವರ ಸಂವತ್ಸರಗಳ ಬರದ ಹೆಸರು ಅತ್ತೆಯವರನ್ನು ಕೇಳಿ ನೋಡಿ. 1876ರಿಂದ 1878ರವರೆಗಿನ ಬರ ಅದು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಯಲುಸೀಮೆಯ ಹೆಂಗಸರ ಕೈ ಕಾಳಿನ ಡಬ್ಬದ ಮೇಲೆ ಎರಡು ಗಳಿಗೆ ಹೆಚ್ಚು ನಿಲ್ಲುವುದಕ್ಕೆ ಇಂಥ ಕಾರಣಗಳಿವೆ.

ನಾನು ಮಲೆನಾಡಿನವನು. ನಮ್ಮದು ತದ್ವಿರುದ್ಧ ಭಯ. ಅವರು ಮಳೆ ಬಾರದಿದ್ದರೆ ಎಂದು ಕೂಡಿಟ್ಟರು, ನಾವು ಮಳೆ ನಿಲ್ಲದಿದ್ದರೆ ಎಂದು. ಮೇ ತಿಂಗಳು ಬಂದರೆ ನಮ್ಮ ಮನೆ ಯುದ್ಧಕ್ಕೆ ಹೊರಟ ದಂಡಿನಂತಾಗುತ್ತಿತ್ತು. ಅಂಗಳದ ತುಂಬ ಹಲಸಿನ ಹಪ್ಪಳ. ಕಾಗೆ ಓಡಿಸುವುದು ನನ್ನ ಉದ್ಯೋಗ, ಅರೆ ಒಣಗಿದ ಹಪ್ಪಳ ಕದ್ದು ತಿನ್ನುವುದು ಸಂಬಳ. ಹಲಸಿನ ಸೊಳೆ ಉಪ್ಪಿನ ಭರಣಿಗೆ, ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿಗೆ, ಹುಣಸೆಹಣ್ಣು ಉಪ್ಪು ಬೆರೆತು ಇನ್ನೊಂದು ಭರಣಿಗೆ. ಬಣ್ಣದ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ತೊಲೆಗೆ ಸಾಲಾಗಿ ನೇತುಹಾಕುತ್ತಿದ್ದರು. ತಿಂಗಳುಗಟ್ಟಲೆ ಅವು ಬಾವಲಿಗಳಂತೆ ತೂಗುತ್ತಿದ್ದವು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತಾ ಮುಂದಿನ ವರ್ಷದ ಬೀಜ. ಹಿತ್ತಿಲ ಕೊಟ್ಟಿಗೆಯಲ್ಲಿ ಸೂರು ಮುಟ್ಟುವಷ್ಟು ಸೌದೆ. ಒಂದು ಆಷಾಢದಲ್ಲಿ ಹಳ್ಳದ ಕಾಲುಸಂಕ ಕೊಚ್ಚಿಕೊಂಡು ಹೋಗಿ ಪೇಟೆಯ ಮುಖ ನೋಡದೆ ಮೂರು ವಾರ ಕಳೆದೆವು. ಆ ಮೂರು ವಾರ ನಮಗೆ ಸಂಕಟವೆನಿಸಲೇ ಇಲ್ಲ. ಶಾಲೆ ಇಲ್ಲವೆಂಬ ಹಬ್ಬವಾಗಿತ್ತು. ಇಷ್ಟೆಲ್ಲ ಮಾಡಿದ ಅಜ್ಜಿಯ ಸೊಂಟ ನೋವಿನ ಬಗ್ಗೆ ಆಗ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ನೀವು ಎರಡನೆಯ ಪತ್ರ ಬರೆಯುತ್ತೀರಿ.

ಆದರೆ ಇಂಥ ಅಜ್ಜಿಯ ಮೊಮ್ಮಗನ ಅಡುಗೆಮನೆ ಹೇಗಿತ್ತು? 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟಿ.ವಿ.ಗೆ ಬಂದರು. ನಡುರಾತ್ರಿಯಿಂದ ದೇಶಕ್ಕೆ ಬೀಗ. ಮರುದಿನ ಯುಗಾದಿ. ಅದಕ್ಕೆ ಒಂದು ವಾರ ಮೊದಲು, ಅಂಗಡಿಗಳಿಗೆ ಮುಗಿಬೀಳಬೇಡಿ ಎಂದು ಇದೇ ಪತ್ರಿಕೆಯಲ್ಲಿ ಗಂಭೀರವಾಗಿ ಬರೆದಿದ್ದೆ. ಆ ರಾತ್ರಿ ನಮ್ಮ ಕಪಾಟಿನಲ್ಲಿ ಇದ್ದದ್ದು ಅರ್ಧ ಕಿಲೊ ರವೆ, ಒಂದು ಪಾವು ಅಕ್ಕಿ, ಎರಡು ಬಗೆಯ ಕಾಫಿಪುಡಿ. ಮೊಬೈಲ್ ಒತ್ತಿ ದಿನಸಿ ಕೇಳಿದರೆ, ತಂದುಕೊಡಲು ನಾಲ್ಕು ದಿನ ಯಾವ ಹೊತ್ತೂ ಖಾಲಿ ಇಲ್ಲವೆಂಬ ಉತ್ತರ. ಬೇವಿನ ಸೊಪ್ಪು ಬೀದಿಯ ಮರದಲ್ಲಿತ್ತು, ಬೆಲ್ಲ ಇರಲಿಲ್ಲ. ಕೆಳಗಿನ ಮನೆಯ ಅಜ್ಜಿ ಒಂದು ಅಚ್ಚು ಬೆಲ್ಲ, ನಾಲ್ಕು ಸೇರು ಅಕ್ಕಿ, ಒಂದು ಡಬ್ಬ ಸಾರಿನಪುಡಿ ಕೊಟ್ಟು ಕಳುಹಿಸಿದರು. ಅವರ ಮನೆಯ ಮುಂದೆ ಗೋಣಿಚೀಲ ಇಳಿದಾಗಲೆಲ್ಲ ನಾನು ಮೆಟ್ಟಿಲಲ್ಲಿ ನಿಂತು ನಕ್ಕಿದ್ದವನು. ಅಂದಿನಿಂದ ನನಗೆ ಒಂದು ವ್ಯತ್ಯಾಸ ಚೆನ್ನಾಗಿ ತಿಳಿದಿದೆ. ಸುಗ್ಗಿಯಲ್ಲಿ, ಬೆಲೆ ಇಳಿದಾಗ ಮನೆ ತುಂಬಿಕೊಂಡವಳು ಅಭಾವದ ದಿನ ಸಾಲಿನಲ್ಲಿ ನಿಲ್ಲುವುದಿಲ್ಲ. ಸಾಲಿನಲ್ಲಿ ಅವಳ ಪಾಲಿನ ಜಾಗ, ಮನೆಯಲ್ಲಿ ಏನೂ ಇಲ್ಲದವರಿಗೆ ಉಳಿಯುತ್ತದೆ. ಮುಗಿಬಿದ್ದವರು ನನ್ನಂಥವರು.

ಲಕ್ಕಮ್ಮನ ಮಾತಿಗೆ ಬರೋಣ. ಪತ್ರದಲ್ಲಿ ನನಗೆ ಖುಷಿ ಕೊಟ್ಟದ್ದೂ, ಕೋಪ ತರಿಸಿದ್ದೂ ಅದೇ. ಅತ್ತೆಯ ಮೇಲೆ ಶರಣೆಯನ್ನು ಛೂ ಬಿಡುವ ಸೊಸೆಯನ್ನು ನಾನು ಇದುವರೆಗೆ ಕಂಡಿರಲಿಲ್ಲ, ಓದಿಕೊಂಡವರು ನೀವು. ಮಾರಯ್ಯ ಕಲ್ಯಾಣದಲ್ಲಿ ಅಂಗಳಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಅಷ್ಟರ ಆಸೆ ನಮಗೇಕೆ, ಸುರಿದು ಬಾ ಎಂದು ಲಕ್ಕಮ್ಮ ಕಳುಹಿಸಿದಳು. ಕಥೆ ಸರಿ. ಆದರೆ ಒಂದು ಪ್ರಶ್ನೆ ನೀವು ಕೇಳಿಕೊಳ್ಳಲಿಲ್ಲ: ಆ ಅಂಗಳಕ್ಕೆ ಅಕ್ಕಿ ಬಿದ್ದದ್ದು ಎಲ್ಲಿಂದ? ಬಸವಣ್ಣನ ಮಹಾಮನೆಯಲ್ಲಿ ದಿನವೂ ದಾಸೋಹ ನಡೆಯುತ್ತಿತ್ತು, ಅಲ್ಲಿ ಉಗ್ರಾಣ ತುಂಬಿತ್ತು, ಬಾಗಿಲು ತೆರೆದಿತ್ತು. ನಾಳೆಯೂ ಅದು ತೆರೆದಿರುತ್ತದೆ ಎಂಬ ನೆಚ್ಚಿಕೆ ಇದ್ದದ್ದರಿಂದ ಲಕ್ಕಮ್ಮ ಇಂದಿನ ಹೆಚ್ಚಿನ ಅಕ್ಕಿಯನ್ನು ಬೇಡವೆನ್ನಬಲ್ಲವಳಾದಳು.

ನಿಮ್ಮ ಹತ್ತು ನಿಮಿಷದ ಊರಿನಲ್ಲಿ ಮಹಾಮನೆ ಯಾವುದು? ಉಗ್ರಾಣ ಮಾಯವಾಗಿಲ್ಲ, ತಾಯಿ. ನಿಮ್ಮ ಮಂಚದ ಕೆಳಗಿನಿಂದ ಎದ್ದು ಮೂರನೆಯ ಅಡ್ಡರಸ್ತೆಯ ತಗಡಿನ ಗೋದಾಮಿಗೆ ಹೋಗಿದೆ, ಅಷ್ಟೇ. ಅಲ್ಲಿಯೂ ಇರುವುದು ಅದೇ ಜೋಳ, ಅದೇ ಬೇಳೆ, ಬಹುಶಃ ಅದೇ ಹುಳ. ಬೀಗದ ಕೈ ಮಾತ್ರ ಬೇರೆಯವರ ಸೊಂಟಕ್ಕೆ ಹೋಗಿದೆ. ಮಳೆ ಬಂದ ದಿನ ಸಾಗಣೆಗೆ ಹೆಚ್ಚು ಕೇಳುವುದೂ, ದಾಸ್ತಾನು ಇಲ್ಲವೆಂದು ಬೂದುಬಣ್ಣದಲ್ಲಿ ತೋರಿಸುವುದೂ ಅವರ ಇಷ್ಟ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ಸಾಫ್ಟ್‌ವೇರ್ ಕಂಪನಿಯ ಜನ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದದ್ದನ್ನು ನೀವು ಮರೆತಿಲ್ಲವಷ್ಟೇ? ಆ ನೀರಿನಲ್ಲಿ ಕೊತ್ತಂಬರಿ ಸೊಪ್ಪು ತರಬೇಕಾಗಿದ್ದ ಹುಡುಗನ ಬಗ್ಗೆಯೂ ಒಂದು ಕ್ಷಣ ಯೋಚಿಸಿ.

ಕೂಡಿಡುವುದು ಸ್ವಾರ್ಥವಲ್ಲವೇ ಎಂಬ ಅನುಮಾನವೂ ನಿಮ್ಮ ಸಾಲುಗಳ ನಡುವೆ ಇಣುಕುತ್ತಿದೆ. ನಿಮ್ಮ ಅತ್ತೆಯವರ ಜಿಲ್ಲೆಯಲ್ಲಿಯೇ, 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರಿನಂಥ ಊರುಗಳಿಗೆ ನುಗ್ಗಿತು. ಆಗ ನೆರೆಪೀಡಿತರಿಗೆಂದು ಉತ್ತರ ಕರ್ನಾಟಕದ ಊರೂರುಗಳಿಂದ ಹೊರಟದ್ದು ಖಡಕ್ ರೊಟ್ಟಿಯ ಗಂಟುಗಳು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ನೀವು ಓಣಿಗೆ ಸಾಲುವಷ್ಟು ಚಟ್ನಿಪುಡಿ ಎಂದು ಹಂಗಿಸಿದ್ದೀರಿ. ಹೌದು, ಅದು ಓಣಿಗೆ ಸಾಲಬೇಕೆಂದೇ ಮಾಡಿದ್ದು. ಇನ್ನು ಆಪತ್ಕಾಲದ ಆಹಾರವೆಂದರೆ ಅದಕ್ಕಿಂತ ಜಾಣ ವಸ್ತು ನನಗೆ ತಿಳಿದಿಲ್ಲ. ಖಡಕ್ ರೊಟ್ಟಿಗೆ ಬೆಂಕಿ ಬೇಡ, ಫ್ರಿಜ್ ಬೇಡ. ನೀರಿನಂಶ ಇಲ್ಲದ್ದರಿಂದ ಬೂಷ್ಟು ಹತ್ತುವುದಿಲ್ಲ. ನಮ್ಮ ಕಡೆಯ ಅವಲಕ್ಕಿಗೆ ಒಂದು ಲೋಟ ಮಜ್ಜಿಗೆ ಸಾಕು, ಹಳೆ ಮೈಸೂರಿನ ಹುರಿಹಿಟ್ಟಿಗೆ ಒಂದು ತುಂಡು ಬೆಲ್ಲ. ಸಿಲಿಂಡರ್ ಮುಗಿದು, ಕರೆಂಟು ಹೋಗಿ, ನಲ್ಲಿ ಒಣಗಿದ ದಿನವೂ ಹೊಟ್ಟೆ ತುಂಬುತ್ತದೆ. ನಿಮ್ಮ ಫ್ರೀಜರಿನಲ್ಲಿರುವ ಪರೋಟಗಳು ಅಂದು ಏನು ಮಾಡುತ್ತವೆ? ಕಣ್ಣೀರು ಹಾಕುತ್ತವೆ.

ಈಗ ಇದನ್ನೇ ಸಾಹೇಬರು ಹೇಳುತ್ತಿದ್ದಾರೆ. ಬಿಕ್ಕಟ್ಟು ಬಂದರೆ ಏನು ಮಾಡಬೇಕೆಂಬ ಕೈಪಿಡಿಯನ್ನು ಸ್ವೀಡನ್ ಸರ್ಕಾರ 2018ರಲ್ಲಿ ಮನೆಮನೆಗೂ ಹಂಚಿತು, 2024ರಲ್ಲಿ ಮತ್ತೆ ಹಂಚಿತು. ಕನಿಷ್ಠ 72 ಗಂಟೆಗೆ ಸಾಲುವಷ್ಟು ಸಾಮಾನು ಮನೆಯಲ್ಲಿರಲಿ ಎಂದು ಐರೋಪ್ಯ ಒಕ್ಕೂಟ 2025ರ ಮಾರ್ಚಿನಲ್ಲಿ ಹೇಳಿತು. ಭೂಕಂಪದ ನಾಡು ಜಪಾನಿನಲ್ಲಿ ಜನ ದಿನವೂ ತಿನ್ನುವುದನ್ನೇ ಸ್ವಲ್ಪ ಹೆಚ್ಚು ತಂದು, ಹಳೆಯದನ್ನು ತಿಂದು ಹೊಸದನ್ನು ಹಿಂದೆ ಇಡುತ್ತಾರೆ. ಅದನ್ನು ಉರುಳುವ ದಾಸ್ತಾನು ಎನ್ನುತ್ತಾರೆ. ನಮ್ಮವರು ಅದಕ್ಕೆ ಹೆಸರನ್ನೇ ಇಟ್ಟಿರಲಿಲ್ಲ, ಬಾಳುವೆ ಎನ್ನುತ್ತಿದ್ದರು.

ಹೆಸರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಉಗ್ರಾಣ, ಕಣಜ, ಹಗೇವು, ವಾಡೆ, ಗುಡಾಣ, ಮುಡಿ, ಅಟ್ಟ, ನಾಗಂದಿಗೆ. ಇವುಗಳಲ್ಲಿ ಎಷ್ಟು ಪದಗಳು ನಿಮ್ಮ ಮಕ್ಕಳಿಗೆ ಗೊತ್ತು? ವಸ್ತು ಹೋದರೆ ಪದ ಹೋಗುತ್ತದೆ. ಈಚೆಗೆ ಒಬ್ಬ ಬಿಲ್ಡರ್ ಮನೆಯ ನಕ್ಷೆ ತೋರಿಸಿದ. ಬಟ್ಟೆ ಇಡಲು ಒಂದು ಕೋಣೆ, ಚಪ್ಪಲಿಗೆ ಆಳೆತ್ತರದ ಕಪಾಟು, ನಾಯಿಗೆ ಸ್ನಾನದ ಜಾಗ. ಅಕ್ಕಿ ಎಲ್ಲಿ ಇಡುವುದು ಎಂದು ಕೇಳಿದೆ. ಒಲೆಯ ಪಕ್ಕದಲ್ಲಿ ಗೇಣಗಲದ ಎಳೆಪೆಟ್ಟಿಗೆ ತೋರಿಸಿದ. ದಾಸ್ತಾನು ಎಂದರೆ ಸತ್ತ ದುಡ್ಡು ಎಂದು ಕಲಿತು ಬಂದವರು ಈಗ ಕಾರ್ಖಾನೆಯಿಂದ ಅಡುಗೆಮನೆಯವರೆಗೆ ಎಲ್ಲವನ್ನೂ ಆಳುತ್ತಿದ್ದಾರೆ. ನಮ್ಮ ಲೆಕ್ಕಪತ್ರ ನೋಡುವವರೂ ಹಾಗೆಯೇ: ಎರಡು ತಿಂಗಳ ಕಾಗದ ಕೂಡಿಡುವುದು ದಂಡ ಎಂದು ಪ್ರತಿ ವರ್ಷ ಟಿಪ್ಪಣಿ ಬರೆಯುತ್ತಾರೆ. ಕಾಗದ ಸಿಗದ ತಿಂಗಳು ಪುಟ ಕಡಿಮೆ ಮಾಡಿ ಬೈಗುಳ ತಿನ್ನುವವನು ನಾನು.

ಕೊನೆಗೆ ಒಂದು ಮಾತು, ಸ್ವಲ್ಪ ಖಾರವೆನಿಸಿದರೆ ಕ್ಷಮಿಸಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ತೊಂದರೆ ಕೊಡುತ್ತಿರುವುದು ಜೋಳವಲ್ಲ ಎನಿಸಿತು. ಎರಡು ವರ್ಷಗಳ ಹಿಂದಿನವರೆಗೆ ನಿಮ್ಮದಾಗಿದ್ದ ಅಡುಗೆಮನೆಯ ಯಜಮಾನಿಕೆ ಈಗ ಯಾರದೆಂದು ಗೊತ್ತಾಗದೆ ಇರುವುದು. ಆ ದುಃಖ ನಿಜವಾದದ್ದು. ಅತ್ತೆಯವರೇ, ಇದನ್ನು ನೀವು ಓದುತ್ತಿದ್ದೀರೆಂದು ಗೊತ್ತು: ಏನು ಎಷ್ಟು ತರಬೇಕೆಂಬುದನ್ನು ಮುಂದಿನ ಸಲ ಸೊಸೆಯನ್ನು ಕೇಳಿ ತನ್ನಿ. ಚೀಲದ ಲೆಕ್ಕ ಅವರಿಗೂ ಬರಲಿ. ಊರು ಬಿಟ್ಟು ಬಂದ ನಿಮಗೆ ಮಂಚದ ಕೆಳಗಿನ ಆ ಚೀಲ ಏನೆಂದು ಅವರಿಗೆ ನಿಧಾನವಾಗಿ ತಿಳಿಯುತ್ತದೆ.

ಇನ್ನು ಹುಳ. ಜೋಳವನ್ನು ಭಾನುವಾರ ಚೆನ್ನಾಗಿ ಬಿಸಿಲಿರುವಾಗ ತಾರಸಿಯಲ್ಲಿ ತೆಳ್ಳಗೆ ಹರಡಿ. ಸಂಜೆ ಜರಡಿ ಹಿಡಿದು, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ಒಣಗಿದ ಬೇವಿನ ಎಲೆಯೊಂದಿಗೆ ತುಂಬಿ. ಬಿಸಿ ಇರುವಾಗಲೇ ತುಂಬಿದರೆ ಬೆವರಿ ಮುಗ್ಗು ಹಿಡಿಯುತ್ತದೆ. ತೊಗರಿಬೇಳೆಗೆ ಒಂದು ಚಮಚ ಹರಳೆಣ್ಣೆ ಸವರಿ. ಸಜ್ಜೆ ಇದ್ದರೆ ಕಾಳಾಗಿಯೇ ಇರಲಿ, ಹಿಟ್ಟು ಬೇಗ ಕಹಿಯಾಗುತ್ತದೆ. ತಾರಸಿಯಲ್ಲಿ ಕಾಳು ಒಣಗಿಸಬಾರದೆಂದು ನಿಮ್ಮ ಅಪಾರ್ಟ್‌ಮೆಂಟಿನ ಸಂಘದವರು ಆಕ್ಷೇಪಿಸಿದರೆ ಅವರ ನೋಟಿಸನ್ನು ನನಗೆ ಕಳುಹಿಸಿಕೊಡಿ. ಆ ಸಂಘಗಳ ಬಗ್ಗೆ ಬರೆಯುವುದು ಬಹಳ ದಿನದಿಂದ ಬಾಕಿ ಇದೆ.

— ಸಂ.