ನಮ್ಮೂರಿನ ಹಳೇ ದಾಖಲೆ ಪತ್ರಾಗಾರದಲ್ಲಿ ಊರ ಹೆಸರಿನಲ್ಲಿ ಯಾಕೆ ಸಿಗುವುದಿಲ್ಲ?

ಯಾಕೆಂದರೆ ಪತ್ರಾಗಾರದಲ್ಲಿ ಕಡತಗಳನ್ನು ಊರಿನ ಪ್ರಕಾರ ಇಟ್ಟಿರುವುದಿಲ್ಲ, ಅವನ್ನು ಬರೆದ ಕಚೇರಿಯ ಪ್ರಕಾರ ಇಟ್ಟಿರುತ್ತಾರೆ. ಒಂದು ಕಚೇರಿಯ ಕಾಗದಗಳನ್ನು ಚದುರಿಸಿಬಿಟ್ಟರೆ ಯಾರು, ಯಾವ ಕಾರಣಕ್ಕೆ ಬರೆದರು ಎಂಬ ಸುಳಿವೇ ಕಳೆದುಹೋಗುತ್ತದೆ. ಹಾಗಾಗಿ ಹುಡುಕುವ ಮುಂಚೆ ‘ನಮ್ಮೂರಿನ ಬಗ್ಗೆ ಆಗ ಬರೆಯಬೇಕಾದವರು ಯಾರು?’ ಎಂದು ಯೋಚಿಸಿ. ಕೆರೆ ಏರಿ ಒಡೆದಿದ್ದರೆ ಲೋಕೋಪಯೋಗಿ ಇಲಾಖೆ, ಇನಾಂ ಜಮೀನಿದ್ದರೆ ಕಂದಾಯ.

ನಮ್ಮಲ್ಲಿ ಇನ್ನೊಂದು ತೊಡಕಿದೆ. 1956ಕ್ಕೆ ಮುಂಚೆ ಧಾರವಾಡ ಮುಂಬಯಿ ಆಡಳಿತದಲ್ಲಿತ್ತು, ಮಂಗಳೂರು ಮದ್ರಾಸಿನಲ್ಲಿ, ಕಲಬುರಗಿ ಹೈದರಾಬಾದಿನಲ್ಲಿ. ನೀವು ಕುಮಟಾ ಕಡೆಯವರಾದರೆ 1862ರವರೆಗಿನ ಬ್ರಿಟಿಷ್ ದಾಖಲೆಗೆ ಚೆನ್ನೈ, ಆಮೇಲಿನದ್ದಕ್ಕೆ ಮುಂಬಯಿ ನೋಡಬೇಕು. ಬೆಂಗಳೂರಿನಲ್ಲಿ ಸಿಗಲಿಲ್ಲವೆಂದು ಕೈಬಿಡಬೇಡಿ. ಧಾರವಾಡ ಸೀಮೆಯ ಹಳೇ ಕಾಗದ ಮೋಡಿ ಲಿಪಿಯಲ್ಲಿರಬಹುದು (ಮರಾಠಿಯನ್ನು ಸರಸರ ಬರೆಯಲು ಬಳಸುತ್ತಿದ್ದ ಕೂಡುಬರಹ), ಬಲ್ಲವರಿಂದ ಓದಿಸಿಕೊಳ್ಳಿ.

ಸಿಕ್ಕ ಪುಟವನ್ನು ಊರವರ ಜೊತೆ ಹಂಚಿಕೊಳ್ಳುವಾಗ ಇಲಾಖೆ, ವರ್ಷ, ಕಡತ ಸಂಖ್ಯೆ ಮೂರನ್ನೂ ದಯವಿಟ್ಟು ಚಿತ್ರದ ಕೆಳಗೇ ಬರೆಯಿರಿ. ಬರೀ ಫೋಟೊ ವಾಟ್ಸಾಪಿನಲ್ಲಿ ಓಡಾಡಿದರೆ, ನಾಳೆ ಅದನ್ನು ಪರಿಶೀಲಿಸಬೇಕೆನ್ನುವ ಹುಡುಗಿಗೆ ಮೂಲ ಕಡತಕ್ಕೆ ಹೋಗುವ ದಾರಿಯೇ ಇರುವುದಿಲ್ಲ.